ದ್ರಾಕ್ಷಿ ಗೊತ್ತಿದ್ದವನ ವೈನ್ ಖರೀದಿ

ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಕಬ್ಬು; ನಿಪ್ಪಾಣಿಯಲ್ಲಿ ತಂಬಾಕು. ಅಥಣಿ ದಾಟಿ ಮೂಡಣಕ್ಕೆ, ತೆಲಸಂಗ–ಕೊಟ್ಟಲಗಿ ಕಡೆಯ ಒಣನೆಲಕ್ಕೆ ಹೋದರೆ ದ್ರಾಕ್ಷಿ. ನಮ್ಮ ಕಾಕಾನ ಪಡವೂ ಅಲ್ಲೇ ಇದೆ. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿಯಿಂದ ಮನೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನವರೆಗೆ ಎಲ್ಲವನ್ನೂ ನೋಡುತ್ತ ಬೆಳೆದವನು ನಾನು. ಆದರೂ ನೌಕರಿಗೆಂದು ಬೆಳಗಾವಿಗೆ ಬಂದ ಮೇಲೆ ವೈನ್ ಬಾಟಲಿಗಳ ಕಪಾಟಿನ ಮುಂದೆ ನಿಂತರೆ ಬಾಯಿ ಕಟ್ಟುತ್ತಿತ್ತು. ಹೆಸರು ತಪ್ಪಾಗಿ ಹೇಳಿದರೆ ನಕ್ಕಾರು ಎಂಬ ಅಳುಕು. ಆ ಅಳುಕು ಹೋದದ್ದು ಪಡದಲ್ಲಿ ಕಲಿತದ್ದೇ ಇಲ್ಲಿಯೂ ಸಾಕು ಅನ್ನಿಸಿದಾಗ.

ಮೊದಲನೆಯದು ತಳಿ. ನಮ್ಮ ಥಾಮ್ಸನ್, ಸೋನಾಕ, ಮಾಣಿಕ್ ಚಮನ್ ತಿನ್ನುವ, ಒಣಗಿಸುವ ತಳಿಗಳು. ಬೀಜವಿಲ್ಲ, ಸಿಪ್ಪೆ ತೆಳು. ಜಿಎ ಎಂಬ ಬೆಳವಣಿಗೆಯ ಚೋದಕ ಕೊಟ್ಟು ಕಾಳು ದಪ್ಪ ಮಾಡುತ್ತೇವೆ. ವೈನಿನ ದ್ರಾಕ್ಷಿಯ ಕಾಳು ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ. ಬಣ್ಣ, ಘಮ, ಒಗರು ಬರುವುದೆಲ್ಲ ಹೆಚ್ಚಾಗಿ ಆ ಸಿಪ್ಪೆಯಿಂದಲೇ. ಕೆಂಪು ವೈನಿಗೆ ಸಿಪ್ಪೆ, ಬೀಜದ ಸಮೇತ ಹುದುಗು ಹಾಕುತ್ತಾರೆ. ಬಿಳಿಗೆ ಬರೀ ರಸ. ಲೇಬಲ್ ಮೇಲೆ ಹೆದರಿಸುವ ಹೆಸರುಗಳು ಬಹಳಷ್ಟು ಸಲ ತಳಿಯ ಹೆಸರುಗಳೇ. ಕೆಂಪಿಗೆ ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್, ಬಿಳಿಗೆ ಶೆನಿನ್ ಬ್ಲಾಂ ಮತ್ತು ಸುವಿನ್ಯೋಂ ಬ್ಲಾಂ: ಮೊದಲಿಗೆ ಈ ನಾಲ್ಕು ಗೊತ್ತಿದ್ದರೆ ಸಾಕು.

ಎರಡನೆಯದು ಸಕ್ಕರೆ. ಕಟಾವಿಗೆ ಮುಂಚೆ ಕಾಕಾ ಒಂದು ಕಾಳು ಹಿಂಡಿ, ರಸದ ಹನಿಯನ್ನು ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಬಿಟ್ಟು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿಯುತ್ತಾನೆ. 22 ಬ್ರಿಕ್ಸ್ ಇರುವ ರಸದ ಸಕ್ಕರೆಯೆಲ್ಲ ಹುದುಗಿದರೆ ಆಲ್ಕೋಹಾಲ್ ಶೇ 12–13ರ ಹತ್ತಿರ ಬರುತ್ತದೆ. ಹೀಗೆ ಸಿಹಿ ಹೆಚ್ಚುಕಡಿಮೆ ಉಳಿಯದ ವೈನೇ ಡ್ರೈ. ನಡುವೆ ನಿಲ್ಲಿಸಿದರೆ ಒಂದಿಷ್ಟು ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ತುಸು ಕಡಿಮೆ. ಹಣ್ಣಿನ ರಸದ ಸಿಹಿ ನಿರೀಕ್ಷಿಸಿ ಡ್ರೈ ಕೆಂಪು ಕೊಂಡವರಿಗೆ ಮೊದಲ ಗುಟುಕಿಗೇ ಬೇಸರವಾಗುವುದು ಇದಕ್ಕೇ.

ಮೂರನೆಯದು ಊಟ. ನಮ್ಮ ಎಣ್ಣೆಗಾಯಿ, ಶೇಂಗಾ ಚಟ್ನಿ, ನಿಪ್ಪಾಣಿ ಕಡೆಯ ತಾಂಬಡಾ ರಸ್ಸಾ, ಎಲ್ಲದರಲ್ಲೂ ಖಾರ ಮುಂದು. ಆಲ್ಕೋಹಾಲ್ ಮತ್ತು ಒಗರು ಜಾಸ್ತಿಯಿರುವ ಕೆಂಪು ವೈನ್ ಆ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಸ್ವಲ್ಪ ಸಿಹಿ ಉಳಿದ, ತಂಪು ಮಾಡಿದ ಶೆನಿನ್ ಬ್ಲಾಂ ಅದನ್ನು ತಣಿಸುತ್ತದೆ. ಅಂಗಡಿಯಲ್ಲಿ ನಾನೀಗ ತಳಿಯ ಹೆಸರನ್ನೂ ಹೇಳುವುದಿಲ್ಲ.

‘ಖಾರದ ಊಟದ ಜೋಡಿ ಬೇಕಾಗೇತ್ರಿ. ಸಾವಿರದ ಒಳಗ ಏನೈತಿ?’

‘ಪೂರಾ ಡ್ರೈ ಬ್ಯಾಡಲ್ರೀ ಸರ?’ ಅಂತ ಅಂಗಡಿಯವನೇ ಕೇಳುತ್ತಾನೆ. ಊಟ, ದುಡ್ಡು, ಸಿಹಿ ಈ ಮೂರು ತಿಳಿದರೆ ಅವನ ಕೆಲಸವೂ ಹಗುರ.

ಲೇಬಲ್ ಓದುವುದರಲ್ಲಿ ನನಗೆ ಗುರು ವೈನನ್ನೇ ಮುಟ್ಟದ ಕಾಕಾ. ಮನೆಗೆ ಬಂದಾಗ ಬಾಟಲಿ ಎತ್ತಿ ತಿರುವಿ ಮೊದಲು ಕೇಳಿದ್ದು, ‘ಇದು ಯಾವ ಹಂಗಾಮಿಂದಪಾ?’ ಲೇಬಲ್ ಮೇಲಿನ ಇಸವಿ ಕಟಾವಿನದು. ಸಾಮಾನ್ಯ ಬೆಲೆಯ ಬಿಳಿ ವೈನ್ ಇಟ್ಟಷ್ಟೂ ರುಚಿ ಏರುವಂಥದಲ್ಲ, ಹೊಸದೇ ಒಳ್ಳೆಯದು. ಹಿಂಬದಿಯಲ್ಲಿ ಐಎನ್‌ಎಸ್ 220 ಎಂದಿತ್ತು. ಅದು ಸಲ್ಫರ್ ಡೈಆಕ್ಸೈಡ್ ಅಂದೆ. ‘ಅಂದ್ರ ಗಂಧಕದ ಹೊಗಿ. ಮನೂಕ ಹಳದಿ ಉಳೀಲಿ ಅಂತ ನಾವೂ ಕೊಡ್ತೀವಲ್ಲ’ ಅಂದ. ವೈನ್ ಕೆಡದಂತೆ ಕಾಯುವುದು ಅದರ ಕೆಲಸ. ಆಸ್ತಮಾ ಇದ್ದವರು ಮಾತ್ರ ಆ ಸಾಲನ್ನು ಓದದೆ ಮುಂದೆ ಹೋಗಬಾರದು.

ನಮ್ಮ ಕಡೆ ಅಂಗಡಿ ನೋಡುವುದೂ ಅಷ್ಟೇ ಮುಖ್ಯ. ಏಪ್ರಿಲ್–ಮೇ ಬಿಸಿಲಿನಲ್ಲಿ ಗಾಜಿನ ಕಪಾಟಿನಲ್ಲಿ ನಿಂತ ಬಾಟಲಿಯನ್ನು ನಾನು ಮುಟ್ಟುವುದಿಲ್ಲ. ಬಿರಡೆ ಮೇಲೆದ್ದಿದ್ದರೆ, ಕುತ್ತಿಗೆಗೆ ಅಂಟು ಇಳಿದಿದ್ದರೆ ವೈನ್ ಕಾದಿದೆ ಎಂದೇ ಲೆಕ್ಕ. ತಿರುಪು ಮುಚ್ಚಳ ಕಂಡು ಅಗ್ಗದ ಮಾಲು ಅಂದುಕೊಳ್ಳಬೇಕಿಲ್ಲ. ಬೇಗ ಕುಡಿಯುವ ವೈನಿಗೆ ಅದೇ ಅನುಕೂಲ.

ಬೆಲೆಯ ಮಾತು. ಆಮದು ಬಾಟಲಿಯಲ್ಲಿ ನಾವು ಕೊಡುವ ದುಡ್ಡಿನ ದೊಡ್ಡ ಪಾಲು ತೆರಿಗೆಗೆ ಹೋಗುತ್ತದೆ. ಕಲಿಯುವವರಿಗೆ ನಂದಿ ಬೆಟ್ಟದ ತಪ್ಪಲು, ನಾಸಿಕ್, ಸೊಲ್ಲಾಪುರ ಜಿಲ್ಲೆಯ ಅಕಲೂಜದ ವೈನುಗಳೇ ಸಾಕು. ಕಾಗವಾಡದವರಿಗೆ ಮಹಾರಾಷ್ಟ್ರದ ಮೀರಜ್ ಪಕ್ಕದಲ್ಲೇ ಇದೆ, ಆದರೆ ಅಬಕಾರಿ ಎರಡೂ ರಾಜ್ಯಕ್ಕೆ ಬೇರೆ ಬೇರೆ. ಬಾಟಲಿಯನ್ನು ಗಡಿ ದಾಟಿಸುವ ಮೊದಲು ನಿಯಮ ಕೇಳಿಕೊಳ್ಳಿ.

ಹೊಸಬರಿಗೆ ಹೇಳುವುದಿಷ್ಟೇ: ಒಂದೇ ತಳಿಯ, ಎರಡು ಊರಿನ ಬಾಟಲಿ ತನ್ನಿ. ಗೆಳೆಯರು ಕೂಡಿದಾಗ ಪಕ್ಕಪಕ್ಕ ಇಟ್ಟು ಒಂದೊಂದು ಗುಟುಕು ನೋಡಿ. ಸಿಹಿ, ಹುಳಿ, ಒಗರು ಯಾವುದರಲ್ಲಿ ಜಾಸ್ತಿ ಎಂದು ಲೇಬಲ್‌ನ ಫೋಟೋ ಜೊತೆ ಮೊಬೈಲಿನಲ್ಲಿ ಬರೆದಿಡಿ. ಮುಂದಿನ ಸಲ ಆ ಫೋಟೋ ತೋರಿಸಿ, ‘ಇದರಕಿಂತ ಒಗರು ಕಡಿಮಿ ಇರೋದು ಕೊಡ್ರಿ’ ಅನ್ನಿ. ಹೆಸರು ಉಚ್ಚರಿಸುವ ಗೋಜೇ ಇಲ್ಲ.