ಮದ್ದು ದಾರಿ ತಪ್ಪುವ ಜಾಗಗಳು

ಮಳೆಗಾಲ ಮುಗಿದ ಮೇಲೆ ತೋಡಿಗೆ ಕಟ್ಟ ಹಾಕಿ ತೋಟಕ್ಕೆ ನೀರು ತಿರುಗಿಸಿದವರಿಗೆ ಈ ಅನುಭವ ಇದ್ದೇ ಇದೆ. ಕಟ್ಟದಲ್ಲಿ ನೀರು ತುಂಬಿ ನಿಂತಿರುತ್ತದೆ. ಕಣಿಯ ತಲೆಯಲ್ಲಿ ಭರದಿಂದ ಹರಿಯುತ್ತದೆ. ಆದರೆ ತೋಟದ ಕೊನೆಯ ಸಾಲಿನ ಕಂಗಿನ ಬುಡಕ್ಕೆ ಮುಟ್ಟುವಾಗ ಅರ್ಧವೂ ಉಳಿದಿರುವುದಿಲ್ಲ. ಹಾರೆ ಹಿಡಿದು ಹುಡುಕುತ್ತ ಹೋದರೆ ದೊಡ್ಡ ಒಡಕು ಒಂದೂ ಸಿಕ್ಕುವುದಿಲ್ಲ. ಇಲ್ಲೊಂದು ಏಡಿಯ ತೂತು, ಅಲ್ಲೊಂದು ಹೆಗ್ಗಣದ ಬಿಲ. ನೀರೆಲ್ಲ ಅವುಗಳಲ್ಲಿಯೇ ಹೋಗಿರುತ್ತದೆ.

ವೈದ್ಯರು ಬರೆದುಕೊಡುವ ಕೆಲವು ಮದ್ದುಗಳ ಸಂಗತಿಯೂ ಇಂದು ಹೀಗೆಯೇ ಆಗಿದೆ. ನೋವಿಗೆ ಕೊಡುವ ಟ್ರಮಡಾಲ್ ಮತ್ತು ಟಪೆಂಟಡಾಲ್, ನಿದ್ರೆಗೂ ಗಾಬರಿಗೂ ಕೊಡುವ ಆಲ್ಪ್ರಜೋಲಾಮ್, ನೈಟ್ರಜೆಪಾಮ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲ ಒಳ್ಳೆಯ ಮದ್ದುಗಳೇ. ಸರಿಯಾದ ರೋಗಿಗೆ, ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ಸಿಕ್ಕಿದರೆ ಉಪಕಾರವೇ. ಕಾರ್ಖಾನೆಯಿಂದ ರೋಗಿಯ ವರೆಗಿನ ದಾರಿಯಲ್ಲಿ ಅವು ಸೋರಿ ಮತ್ತೊಬ್ಬರ ಕೈ ಸೇರಿದಾಗ ಅದೇ ಮದ್ದು ಅಮಲಾಗುತ್ತದೆ. ಗಾಂಜಾ ಎಂದರೆ ನಮಗೆಲ್ಲ ಭಯವಿದೆ. ಪೋಲೀಸರು ಹಿಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇವೆ. ಬೆಳ್ಳಿಯಂತೆ ಹೊಳೆಯುವ ಶೀಟಿನಲ್ಲಿ, ಕಂಪೆನಿಯ ಹೆಸರು ಅಚ್ಚಾಗಿ ಬರುವ ಮಾತ್ರೆಯನ್ನು ಮಾತ್ರ ಯಾರೂ ಸಂಶಯಿಸುವುದಿಲ್ಲ. ಮಗನ ಅಂಗಿಯ ಕಿಸೆಯಲ್ಲಿ ಅದು ಸಿಕ್ಕಿದರೆ ತಾಯಿ, ತಲೆನೋವಿನದ್ದಾಗಿರಬೇಕು ಎಂದುಕೊಂಡು ಕಪಾಟಿನಲ್ಲಿ ತೆಗೆದಿಡುತ್ತಾರೆ.

ಇದು ಪೇಟೆಯವರ ಪಾಡು, ನಮಗೇಕೆ ಎಂದು ಯಾರಾದರೂ ಕೇಳಬಹುದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಕೇಂದ್ರ ಸರಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ನೂರಕ್ಕೆ ಹೆಚ್ಚುಕಡಿಮೆ ಒಬ್ಬರು ಅಫೀಮು ಜಾತಿಯ ಅಂಗಡಿ ಮದ್ದುಗಳನ್ನು ಬಳಸುತ್ತಿದ್ದರು. ನಿದ್ರೆಮಾತ್ರೆಗಳನ್ನು ವೈದ್ಯರ ಹೇಳಿಕೆಯಿಲ್ಲದೆ ನುಂಗುವವರೂ ಬಹುಮಟ್ಟಿಗೆ ಅಷ್ಟೇ ಮಂದಿ. ನೂರಕ್ಕೆ ಒಬ್ಬರೆಂಬುದು ಸಣ್ಣ ಲೆಕ್ಕವೆಂದು ತೋರೀತು. ಮಡಂತ್ಯಾರಿನಲ್ಲಿ ಒಂದು ಜಾತ್ರೆಯ ದಿನ ಸೇರುವ ಜನರನ್ನು ನೆನೆದುಕೊಂಡು ಎಣಿಸಿ ನೋಡಿ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆಟಿ ತಿಂಗಳು. ಕೊಳೆರೋಗಕ್ಕೆ ಮದ್ದು ಬಿಡಲು ಕಂಗು ಹತ್ತಿದವನೊಬ್ಬ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಮಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಕಳುಹಿಸುವಾಗ ವೈದ್ಯರು ಹತ್ತು ದಿನದ ನೋವಿನ ಮಾತ್ರೆ ಬರೆದುಕೊಟ್ಟರು. ಹತ್ತು ದಿನ ಕಳೆಯಿತು, ನೋವು ಪೂರ್ತಿ ಹೋಗಲಿಲ್ಲ. ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ, ಜತೆಗೆ ಒಬ್ಬರು ಬೇಕು. ಅದಕ್ಕಾಗಿ ಮಗನ ಕೈಯಲ್ಲಿ ಹಳೆಯ ಚೀಟಿ ಕೊಟ್ಟು ಅಂಗಡಿಗೆ ಕಳುಹಿಸಿದರು.

“ಅಣ್ಣಾ, ಇದರಲ್ಲಿ ಎರಡನೆಯದ್ದು ಎರಡು ಶೀಟು ಕೊಡಿ.”

“ಇದು ಹಳೆಯ ಚೀಟಿಯಲ್ಲವೋ? ಡಾಕ್ಟ್ರಿಗೆ ತೋರಿಸಿದ್ದೀರಾ?”

“ಅಪ್ಪನಿಗೆ ಏಳಲಿಕ್ಕೆ ಆಗುವುದಿಲ್ಲಣ್ಣ. ಇದೊಂದು ಸಲ.”

ಅಂಗಡಿಯವರು ಗುರುತಿನವರು, ಇಲ್ಲವೆನ್ನಲು ಮನಸ್ಸು ಬಾರದು. ಇದೊಂದು ಸಲ ಎಂಬುದು ಆರು ತಿಂಗಳಾಗುತ್ತದೆ. ಅಪ್ಪನಿಗೆ ಈಗ ಮಾತ್ರೆ ಇಲ್ಲದಿದ್ದರೆ ಮೈಕೈ ಹಿಂಡಿದಂತಾಗುತ್ತದೆ, ಬೆವರುತ್ತದೆ, ನಿದ್ರೆ ಬಾರದು. ಅದನ್ನು ಆತ ಸೊಂಟದ ನೋವೆಂದೇ ತಿಳಿದಿದ್ದಾನೆ. ಅದು ಮಾತ್ರೆ ಕೇಳುವ ನೋವು. ಅಷ್ಟರಲ್ಲಿ ಮಗ ಚೀಟಿಯ ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಪೇಟೆಯ ಅಂಗಡಿಗಳಲ್ಲಿ ತೋರಿಸುತ್ತಿದ್ದಾನೆ. ಒಂದು ಶೀಟು ಅಪ್ಪನಿಗೆ, ಎರಡು ಶೀಟು ಗೆಳೆಯರಿಗೆ. ಈ ಮನೆಯಲ್ಲಿ ಕಳ್ಳನೆಂಬವನು ಎಲ್ಲಿ ಹುಟ್ಟಿದ ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಅಮೆರಿಕೆಯಲ್ಲಿ ಆದ ಅನಾಹುತದ ಬುಡವೂ ಇಂಥದೇ. ನಮ್ಮ ಅನೇಕ ಮನೆಗಳ ಮಕ್ಕಳು ಅಲ್ಲಿ ಕೆಲಸದಲ್ಲಿರುವುದರಿಂದ ಈ ಸುದ್ದಿ ಕೆಲವರ ಕಿವಿಗೆ ಬಿದ್ದಿರಬಹುದು. 1996ರಲ್ಲಿ ಅಲ್ಲಿನ ಪರ್ಡ್ಯೂ ಎಂಬ ಕಂಪೆನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಇದರಿಂದ ಚಟ ಹಿಡಿಯುವ ಭಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. 2007ರಲ್ಲಿ ಆ ಕಂಪೆನಿಯ ಕಡೆಯಿಂದ ನ್ಯಾಯಾಲಯದಲ್ಲಿ ತಪ್ಪೊಪ್ಪಿಗೆಯೂ ಆಯಿತು. ಅಷ್ಟರೊಳಗೆ ಬೆನ್ನುನೋವಿಗೆಂದು ಚೀಟಿ ಪಡೆದ ಗಣಿ ಕೆಲಸಗಾರರು, ರೈತರು, ಗೃಹಿಣಿಯರು ಸಾಲುಗಟ್ಟಿ ಚಟಕ್ಕೆ ಬಿದ್ದಿದ್ದರು. ಚೀಟಿ ಬಿಗಿಯಾದಾಗ ಅವರು ಹೆರಾಯಿನಿಗೆ ಹೋದರು. ಅದರ ಹಿಂದೆಯೇ ಕಳ್ಳ ಕಾರ್ಖಾನೆಗಳ ಫೆಂಟನಿಲ್ ಬಂತು. ಫೆಂಟನಿಲ್ ಎಂಬುದು 1960ರ ಸುಮಾರಿಗೆ ಬೆಲ್ಜಿಯಮಿನ ಪಾಲ್ ಯಾನ್ಸೆನ್ ಎಂಬ ವಿಜ್ಞಾನಿ ಸಿದ್ಧಪಡಿಸಿದ, ಶಸ್ತ್ರಚಿಕಿತ್ಸೆಗೆ ಬಹು ಉಪಯುಕ್ತವಾದ ಮದ್ದು. ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ತೀಕ್ಷ್ಣ. ಎರಡು ಮಿಲಿಗ್ರಾಂ, ಅಂದರೆ ಉಪ್ಪಿನ ಕೆಲವು ಕಣಗಳಷ್ಟು, ಒಬ್ಬನ ಉಸಿರು ನಿಲ್ಲಿಸಲು ಸಾಕಾಗಬಹುದು. 2021ರಿಂದ 2023ರ ವರೆಗೆ ವರ್ಷವೊಂದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರು ಆ ದೇಶದಲ್ಲಿ ಮಾದಕ ಮದ್ದುಗಳ ಮಿತಿಮೀರಿದ ಸೇವನೆಯಿಂದ ಸತ್ತರು. 2024ರಲ್ಲಿ ಈ ಸಂಖ್ಯೆ ಸುಮಾರು 80 ಸಾವಿರಕ್ಕೆ ಇಳಿಯಿತು. ಈಚೀಚೆಗೆ ಆ ಕಳ್ಳ ಪುಡಿಯಲ್ಲಿ ಜೈಲಜೀನ್ ಬೆರೆತಿರುವುದು ಕಂಡಿದೆ. ನಮ್ಮ ಪಶುವೈದ್ಯರು ದನಗಳನ್ನು ಮಂಕುಗೊಳಿಸಲು ಚುಚ್ಚುವ ಮದ್ದೇ ಅದು!

ಅವರು ಕಲಿತ ಒಂದು ಪಾಠ ನಮಗೂ ಬೇಕಾದದ್ದು. ಕೆಂಟಕಿ ಎಂಬ ರಾಜ್ಯದಲ್ಲಿ 1999ರಲ್ಲಿಯೇ, ಯಾವ ವೈದ್ಯರು ಯಾರಿಗೆ ಯಾವ ಮದ್ದು ಬರೆದರು, ಯಾವ ಅಂಗಡಿ ಅದನ್ನು ಕೊಟ್ಟಿತು ಎಂಬುದನ್ನೆಲ್ಲ ಒಂದೇ ಕಡೆ ದಾಖಲಿಸುವ ಏರ್ಪಾಡು ಶುರುವಾಯಿತು. ಆದರೆ ವೈದ್ಯರು ಅದನ್ನು ತೆರೆದು ನೋಡಿದ ಬಳಿಕವೇ ಚೀಟಿ ಬರೆಯಬೇಕೆಂಬ ಕಾನೂನು ಬಂದದ್ದು 2012ರಲ್ಲಿ. ಪುಸ್ತಕ ಇದ್ದರೆ ಸಾಲದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು ಎಂಬುದು ತಿಳಿಯಲು ಅವರಿಗೆ ಹದಿಮೂರು ವರ್ಷ ಬೇಕಾಯಿತು.

ನಮ್ಮಲ್ಲಿ ಕಾನೂನಿಗೆ ಬಡತನವಿಲ್ಲ. ಮದ್ದಿನ ಶೀಟನ್ನು ತಿರುಗಿಸಿ ನೋಡಿ. ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿದ್ದು, ಕೆಂಪಕ್ಷರದಲ್ಲಿ ಆರ್‌ಎಕ್ಸ್ ಗುರುತು ಇದ್ದರೆ ಅದು ಎಚ್-1 ಪಟ್ಟಿಯ ಮದ್ದು. 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ನಿಯಮದಂತೆ, ಅಂಗಡಿಯವರು ಬೇರೆಯೇ ಒಂದು ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದು ಮತ್ತು ಕೊಟ್ಟ ಪ್ರಮಾಣ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಚೀಟಿಯ ಮೇಲೆ ಕೊಟ್ಟ ತಾರೀಕನ್ನೂ ಅಂಗಡಿಯ ಹೆಸರನ್ನೂ ಗುರುತು ಮಾಡಬೇಕು. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದೆ ಇದ್ದರೆ ಅದೇ ಚೀಟಿಗೆ ಎರಡನೆಯ ಬಾರಿ ಕೊಡುವಂತಿಲ್ಲ. 2018ರ ಏಪ್ರಿಲಿನಲ್ಲಿ ಟ್ರಮಡಾಲನ್ನು 1985ರ ಮಾದಕ ವಸ್ತು ಕಾಯಿದೆಯ ಕೆಳಗೆ ತಂದರು. ಆಗ ವ್ಯವಹಾರ ಟಪೆಂಟಡಾಲಿನತ್ತ ಸರಿಯಿತು. 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಕಾರ್ಖಾನೆಯೊಂದು ಟಪೆಂಟಡಾಲ್ ಬೆರೆಸಿದ ಮಾತ್ರೆಗಳನ್ನು ಪಶ್ಚಿಮ ಆಫ್ರಿಕೆಗೆ ರವಾನಿಸುತ್ತಿದ್ದುದು ಬಯಲಾಗಿ, ಕೇಂದ್ರದವರು ಅಂಥ ಮಿಶ್ರಣದ ತಯಾರಿಕೆಯನ್ನೂ ರಫ್ತನ್ನೂ ನಿಲ್ಲಿಸಬೇಕಾಯಿತು. ಒಂದು ಕಡೆ ಮಣ್ಣು ಹಾಕಿದರೆ ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ.

ಆದುದರಿಂದ ಕೆಲಸ ಒಬ್ಬರದ್ದಲ್ಲ. ಮಂಗಳೂರಿನ ಶಸ್ತ್ರವೈದ್ಯರು ರೋಗಿಯನ್ನು ಮನೆಗೆ ಕಳುಹಿಸುವಾಗ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಒಂದು ಪತ್ರ ಕೊಟ್ಟರೆ, ಹತ್ತು ದಿನದ ಮೇಲೆ ಆ ಮಗ ಹಳೆಯ ಚೀಟಿ ಹಿಡಿದು ಓಡಬೇಕಾಗಿ ಬರುತ್ತಿರಲಿಲ್ಲ. ಪುಂಜಾಲಕಟ್ಟೆಯ ಅಂಗಡಿಯವರೂ ಗುರುವಾಯನಕೆರೆಯ ಅಂಗಡಿಯವರೂ ಮೂಡುಬಿದಿರೆಯವರೂ ಪರಸ್ಪರ ಫೋನು ಮಾಡಿ, ಒಂದೇ ಚೀಟಿ ಎಲ್ಲೆಡೆ ಓಡಾಡುತ್ತಿದೆಯೆಂದು ತಿಳಿಸಿಕೊಂಡರೆ ಅರ್ಧ ತೂತು ಮುಚ್ಚಿದಂತೆಯೇ. ಸಗಟು ಮಾರಾಟಗಾರನಿಂದ ಬಂದ ಪೆಟ್ಟಿಗೆಗಳ ಲೆಕ್ಕ ರಿಜಿಸ್ಟರಿಗೆ ತಾಳೆಯಾಗುತ್ತದೆಯೋ ಎಂದು ನೋಡುವವರು ಔಷಧ ಪರಿವೀಕ್ಷಕರು. ಪೋಲೀಸರಿಗೆ ಹುಡುಗನೊಬ್ಬನ ಬಳಿ ಮಾತ್ರೆ ಸಿಕ್ಕಿದರೆ ಶೀಟಿನ ಮೇಲಿರುವ ಬ್ಯಾಚ್ ನಂಬರು ಹಿಡಿದು ಆ ಪರಿವೀಕ್ಷಕರು ಹಿಂದಕ್ಕೆ ಹೋಗಬಲ್ಲರು, ಅಂಗಡಿಯ ವರೆಗೆ, ಸಗಟಿನವನ ವರೆಗೆ. ಶೀಟನ್ನು ಕತ್ತರಿಸಿ ನಂಬರಿಲ್ಲದ ತುಂಡು ಕೊಟ್ಟರೆ ಈ ದಾರಿ ಮುಚ್ಚುತ್ತದೆ. ನಾವು ಬಿಲ್ಲು ಕೇಳದೆ ಬಂದರೂ ಮುಚ್ಚುತ್ತದೆ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಲು ಕೇಂದ್ರ ಸರಕಾರ 2016ರಲ್ಲಿ ಎನ್‌ಕಾರ್ಡ್ ಎಂಬ ಸಮನ್ವಯ ವ್ಯವಸ್ಥೆಯನ್ನು ಆರಂಭಿಸಿತು. ಜಿಲ್ಲೆಯಲ್ಲಿ ಅದರ ಸಭೆ ನಡೆಸುವವರು ಜಿಲ್ಲಾಧಿಕಾರಿಗಳು. ಆ ಮೇಜಿಗೆ ಆಶಾ ಕಾರ್ಯಕರ್ತೆಯ ಮಾತೂ ಮುಟ್ಟಬೇಕೆಂದು ಈ ಲೇಖಕನ ಅಭಿಪ್ರಾಯ. ಯಾವ ಮನೆಯಲ್ಲಿ ಯಾರಿಗೆ ನಿದ್ರೆಯಿಲ್ಲ ಎಂಬುದು ಊರಿನಲ್ಲಿ ಮೊದಲು ತಿಳಿಯುವುದು ಆಕೆಗೆ.

ಇಲ್ಲಿ ಒಂದು ಎಚ್ಚರವೂ ಬೇಕು. ಬಿಗಿ ಮಾಡುವ ಭರದಲ್ಲಿ ನೋವಿನವನ ಬಾಯಿಂದ ಮದ್ದು ಕಿತ್ತುಕೊಳ್ಳಬಾರದು. ನಮ್ಮ ದೇಶದಲ್ಲಿ ಅದು ಒಮ್ಮೆ ಆಗಿದೆ. ಮಂದಸೌರ್, ನೀಮಚ್, ಚಿತ್ತೋಡಗಢದ ರೈತರು ಸರಕಾರದ ಪರವಾನಗಿಯಿಂದ ಗಸಗಸೆ ಬೆಳೆದು ಅಫೀಮನ್ನು ತೂಗಿ ಒಪ್ಪಿಸುತ್ತಾರೆ. ಹಾಗಿದ್ದೂ 1985ರ ಕಾಯಿದೆಯ ಬಳಿಕ ಲೈಸೆನ್ಸುಗಳ ಕಾಟದಿಂದ ದೇಶದಲ್ಲಿ ಮಾರ್ಫಿನ್ ಬಳಕೆ 573 ಕಿಲೋದಿಂದ 1997ರ ಹೊತ್ತಿಗೆ 18 ಕಿಲೋಕ್ಕೆ ಕುಸಿಯಿತು. ಅರ್ಬುದ ರೋಗಿಗಳು ಆ ವರ್ಷಗಳಲ್ಲಿ ಹೇಗೆ ಸತ್ತಿರಬೇಕೆಂಬುದನ್ನು ಬರೆಯುವುದು ಬೇಡ. 2014ರಲ್ಲಿ ಕಾಯಿದೆಯನ್ನು ತಿದ್ದಿ, ಮಾರ್ಫಿನ್, ಫೆಂಟನಿಲ್ ಮೊದಲಾದ ಅಗತ್ಯ ಮದ್ದುಗಳಿಗೆ ದಾರಿಯನ್ನು ಸುಲಭ ಮಾಡಲಾಗಿದೆ.

ಹೈನುಗಾರರು ಬಲ್ಲ ಉದಾಹರಣೆ ಇನ್ನೊಂದಿದೆ. ಹಾಲು ಇಳಿಸಲು ಎಮ್ಮೆ ದನಗಳಿಗೆ ಆಕ್ಸಿಟೋಸಿನ್ ಚುಚ್ಚುವುದನ್ನು ತಡೆಯಲೆಂದು 2018ರಲ್ಲಿ ಅದರ ತಯಾರಿಕೆಯನ್ನು ಬೆಂಗಳೂರಿನ ಸರಕಾರಿ ಕಂಪೆನಿಯೊಂದಕ್ಕೇ ಸೀಮಿತಗೊಳಿಸಿದರು. ಹೆರಿಗೆಯ ರಕ್ತಸ್ರಾವದಲ್ಲಿ ತಾಯಂದಿರ ಜೀವ ಉಳಿಸುವ ಮದ್ದೂ ಅದೇ ಆದ್ದರಿಂದ ತಕರಾರು ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಎಂಡೋಸಲ್ಫಾನಿನಿಂದ ಬಾಧಿತರಾದ ಮಕ್ಕಳಿರುವ ಮನೆಗಳಲ್ಲಿ ಅಪಸ್ಮಾರದ ಮದ್ದು ತಪ್ಪದೆ ದಿನಾ ಬೇಕು. ಅಂಥ ತಾಯಿಯನ್ನು ಅಂಗಡಿಯ ಎದುರು ಸಂಶಯದಿಂದ ನೋಡುವ ಹಾಗಾದರೆ ನಾವು ಕಟ್ಟಿದ ಕಟ್ಟವೇ ತಪ್ಪು.

ಇನ್ನು ಮನೆಯ ತೂತಿನ ಮಾತು. ಮೈಲುತುತ್ತನ್ನು ಮಕ್ಕಳ ಕೈಗೆ ಸಿಗದ ಹಾಗೆ ಕೊಟ್ಟಿಗೆಯ ಅಟ್ಟದಲ್ಲಿ ಇಡುವ ನಾವು ನಿದ್ರೆಮಾತ್ರೆಯನ್ನು ದೇವರ ಕೋಣೆಯ ಗೂಡಿನಲ್ಲಿ ತೆರೆದಿಡುತ್ತೇವೆ. ಕೆಂಪು ಚೌಕದ ಮದ್ದಿಗೆ ಬೀಗದ ಪೆಟ್ಟಿಗೆ ಇರಲಿ, ಎಷ್ಟು ಮಾತ್ರೆ ಇದೆಯೆಂದು ವಾರಕ್ಕೊಮ್ಮೆ ಎಣಿಸಿ. ರೋಗಿ ಗುಣವಾದರೆ ಅಥವಾ ತೀರಿಹೋದರೆ ಉಳಿದದ್ದನ್ನು ನೆರೆಮನೆಗೆ ದಾನ ಮಾಡಬೇಡಿ. ಟ್ರಮಡಾಲ್, ಟಪೆಂಟಡಾಲ್, ಡಯಜಿಪಾಮ್, ಫೆಂಟನಿಲ್ ಮೊದಲಾದ 17 ಮದ್ದುಗಳನ್ನು ಉಳಿಸಿಕೊಳ್ಳದೆ ಪಾಯಿಖಾನೆಯ ಗುಂಡಿಗೆ ಹಾಕಿ ನೀರು ಬಿಡಬೇಕೆಂದು ಕೇಂದ್ರದ ಔಷಧ ಸಂಸ್ಥೆ 2025ರಲ್ಲಿ ಸಲಹೆ ಮಾಡಿದೆ. ಬೇರೆ ಮದ್ದುಗಳನ್ನು ಹಾಗೆ ಮಾಡಬಾರದು, ತೋಡಿಗಂತೂ ಎಸೆಯಲೇಬಾರದು. ನೆರೆಯ ಕೇರಳದವರು 2025ರಲ್ಲಿ ಕೋಝಿಕ್ಕೋಡಿನಲ್ಲಿ ಮನೆಮನೆಯ ಹಳೆಯ ಮದ್ದನ್ನು ಸಂಗ್ರಹಿಸುವ ಕೆಲಸ ಆರಂಭಿಸಿದ್ದಾರೆ.

ಮನೆಯಲ್ಲಿ ಯಾರಾದರೂ ಈಗಾಗಲೇ ಚಟಕ್ಕೆ ಬಿದ್ದಿದ್ದರೆ ಬೈದು ಮಾತ್ರೆ ಕಿತ್ತುಕೊಳ್ಳುವುದು ಅಪಾಯ. ಆಲ್ಪ್ರಜೋಲಾಮ್ ಜಾತಿಯ ಮಾತ್ರೆಗಳನ್ನು ಬಹುದಿನ ನುಂಗಿ ಒಮ್ಮೆಲೆ ಬಿಟ್ಟರೆ ಫಿಟ್ಸ್ ಬರಬಹುದು. ಸ್ವಲ್ಪ ಸ್ವಲ್ಪವಾಗಿ ಇಳಿಸುವುದು ವೈದ್ಯರ ಕೆಲಸ. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಫೋನಿನಲ್ಲಿ ಸಲಹೆ ಬೇಕಿದ್ದರೆ ಚಟ ಬಿಡಿಸುವ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿಮಾನಸ್ 14416. ಮಾರಾಟದ ಸುಳಿವು ಕೊಡಬೇಕಿದ್ದರೆ 1933. ಮಾತ್ರೆ ನುಂಗಿದವನು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸಾಸಿವೆಯಷ್ಟು ಸಣ್ಣದಾಗಿದ್ದರೆ, ಮಲಗಿ ಏಳಲಿ ಎಂದು ಬಿಡಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನು ಮಾಡಿ. ನುಂಗಿದ ಶೀಟನ್ನು ಜತೆಗೆ ಒಯ್ಯಿರಿ. ನಾಲೊಕ್ಸೋನ್ ಎಂಬ ಪ್ರತಿಮದ್ದನ್ನು ಹೊತ್ತಿಗೆ ಚುಚ್ಚಿದರೆ ಅಫೀಮು ಜಾತಿಯ ಮದ್ದಿನಿಂದ ನಿಲ್ಲುತ್ತಿರುವ ಉಸಿರು ಮರಳಿ ಬರುತ್ತದೆ.

ಯುವಕ ಮಂಡಲ, ಮಹಿಳಾ ಮಂಡಲ ಮತ್ತು ಸ್ವಸಹಾಯ ಸಂಘಗಳ ಮುಂದಿನ ಸಭೆಯಲ್ಲಿ ಚರ್ಚಿಸಲು ಮೂರು ಪ್ರಶ್ನೆಗಳು: ಮೇಲಿನ ಕಥೆಯಲ್ಲಿ ಮಗನು ಮೊದಲ ಸಲ ಅಂಗಡಿಗೆ ಬಂದಾಗ ಅಂಗಡಿಯವರು ಏನು ಮಾಡಬಹುದಿತ್ತು? ಕಂಗಿನಿಂದ ಬಿದ್ದವರನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ, ಮಂಗಳೂರಿಗೆ ಅಲೆಯದೆ ನೋವಿನ ಚೀಟಿಯನ್ನು ಹೊಸತು ಮಾಡಿಸಿಕೊಳ್ಳುವುದಕ್ಕೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಯಾವ ಏರ್ಪಾಡು ಬೇಕು? ಉಳಿದ ಮದ್ದನ್ನು ತಿಂಗಳಿಗೊಂದು ದಿನ ಪಂಚಾಯತು ಕಚೇರಿಯಲ್ಲಿ ಒಪ್ಪಿಸಿಕೊಳ್ಳಬೇಕೆಂದು ಗ್ರಾಮಸಭೆಯಲ್ಲಿ ಕೇಳುವವರು ಯಾರು?