ಬಿಡಿಸಬ್ಯಾಡ, ಹಾಕಿ ನೋಡು

ತಂಗಿ, ಒಂಬತ್ತನೇ ಕ್ಲಾಸಿನ ಈ ಲೆಕ್ಕಕ್ಕ ಸಮೀಕರಣ ಯಾಕ ಬಿಡಿಸಾಕ ಕುಂತಿ? ಈ ಕ್ರಮಯುಗ್ಮ ಪರಿಹಾರ ಹೌದೋ ಅಲ್ಲೋ, ಅಷ್ಟ ಕೇಳ್ಯಾರ. ಜೋಡಿ ಅವರ ಕೊಟ್ಟಾರ, ನೀ ಹಾಕಿ ನೋಡಿದ್ರ ಆತು.

ನಮ್ಮ ಮೋಟೆಬೆನ್ನೂರಿಂದ ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೋಗ್ತೈತಲ್ಲ, ಅದನ್ನ ತೊಗೊ. ಡಬ್ಬಿ ಕಾಯಿ ಚೀಲಕ್ಕ 30 ಕಿಲೋ, ಕಡ್ಡಿ ಕಾಯಿ ಚೀಲಕ್ಕ 40 ಕಿಲೋ, ಒಟ್ಟು ತೂಕ 240 ಅಂತ ಇಟ್ಕೊ. ಡಬ್ಬಿ ಚೀಲ ಎಕ್ಸ್, ಕಡ್ಡಿ ಚೀಲ ವೈ. ಹತ್ತರಿಂದ ಭಾಗಿಸಿದ್ರ 3ಎಕ್ಸ್ + 4ವೈ = 24.

(4, 3) ಹಾಕು. 12ಕ್ಕ 12 ಕೂಡಿ 24, ಸರಿ ಆತು. (3, 4) ಹಾಕು. 9ಕ್ಕ 16 ಕೂಡಿ 25, ತೂಕ 10 ಕಿಲೋ ಹೆಚ್ಚಾತು! ಅಂಕಿ ಅವ, ಜಾಗಾ ಅದಲಬದಲ. ಮೊದಲಿಂದು ಎಕ್ಸ್, ಎರಡನೇದು ವೈ, ಇದನ್ನ ಮರೀಬ್ಯಾಡ.

ಬರಿಯೋವಾಗ ಮೊದಲ ಸಾಲಿನಾಗ ‘= 24’ ಹಚ್ಚಬ್ಯಾಡ. ಸಮ ಐತೋ ಇಲ್ಲೋ ಇನ್ನೂ ನೋಡಬೇಕು. ಮೊದಲ ಸಮ ಅಂದುಬಿಟ್ರ ನೋಡೋದೇನು ಉಳೀತು? ಎಡಭಾಗ ಬ್ಯಾರೆ ಬರದು, ಬೆಲೆ ಹಾಕಿ, ಬಂದದ್ದನ್ನ ಬಲಭಾಗದ ಕೂಡ ಹೋಲಿಸು. ಋಣ ಸಂಖ್ಯೆ ಇದ್ರ ಆವರಣದಾಗ ಹಾಕು.

(−4, 9) ಕೊಟ್ಟಾರಂದ್ರ? −12ಕ್ಕ 36 ಕೂಡಿ 24. ಸಮೀಕರಣಕ್ಕ ಸರಿ. ಮೈನಸ್ ನಾಕು ಚೀಲ ಯಾವ ದಲಾಲರ ಅಂಗಡ್ಯಾಗೂ ಇಳಿಸಾಕ ಬರಂಗಿಲ್ಲ, ಆ ಮಾತು ಬ್ಯಾರೆ. ಪ್ರಶ್ನೆ ಸಮೀಕರಣದ್ದಾದ್ರ ಹೌದು ಅಂತ ಬರಿ, ಚೀಲದ್ದಾದ್ರ ಅಲ್ಲ ಅಂತ ಬರಿ. ಹಿಂಗ ಸರಿಯಾಗೋ ಜೋಡಿಗೆ ಲೆಕ್ಕನ ಇಲ್ಲ. ಗ್ರಾಫ್ ಹಾಳ್ಯಾಗ ಎಲ್ಲಾ ಒಂದ ಗೆರಿ ಮ್ಯಾಲ ಕೂಡ್ತಾವ. (3, 4) ಹೊರಗ ಬೀಳ್ತೈತಿ, ಖರೆ. ಆದ್ರ ಒಂದಕ್ಕ 1 ಸೆಂಟಿಮೀಟರ್ ಹಿಡಿದ್ರ ಗೆರಿಯಿಂದ ಬರೇ 2 ಮಿಲಿಮೀಟರ್ ದೂರ. ಪೆನ್ಸಿಲ್ ಮೊಂಡಿದ್ರ ಅದೂ ಗೆರಿ ಮ್ಯಾಲ ಇದ್ದಂಗ ಕಾಣ್ತೈತಿ. ಕಣ್ಣ ನಂಬಿ ಉತ್ತರ ಬರೀಬ್ಯಾಡವ್ವ.

ಹತ್ತನೇ ಕ್ಲಾಸಿಗೆ ಎರಡೆರಡು ಸಮೀಕರಣ ಬರ್ತಾವ. ಒಟ್ಟು ಚೀಲ 7 ಅಂತನೂ ಹೇಳಿದ್ರು ಅನ್ನು: ಎಕ್ಸ್ + ವೈ = 7. ಇದರಾಗ (4, 3) ಪಾಸು, (3, 4) ಸಹ ಪಾಸು! ಬಿಡಿಸಿದ ಮ್ಯಾಲ ನಿನ್ನ ಉತ್ತರಾನ ಒಂದಕ್ಕ ಹಾಕಿ ಎದ್ದುಬಿಡಬ್ಯಾಡ, ಎರಡಕ್ಕೂ ಹಾಕು.