ನೇತ್ರಾಣಿಯ ಬಿಸಿಡಿ ಸ್ಕಾಟ್ಲೆಂಡಿಗೆ ಆದೀತೆ?

ಪ್ರಶ್ನೆ: ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿತೆ. ಸರ್ಟಿಫಿಕೇಟೂ ಸಿಕ್ಕಿದೆ. ಸೆಪ್ಟೆಂಬರಿನಲ್ಲಿ ಓದಲು ಎಡಿನ್‌ಬರೋಗೆ ಹೊರಟಿದ್ದೇನೆ. ಅಲ್ಲೂ ನೀರಿಗಿಳಿಯುವ ಆಸೆ. ಹೊರಡುವ ಮೊದಲು ಇಲ್ಲೇ ಒಂದು ಬಿಸಿಡಿ ಕೊಳ್ಳಲೇ? ತಣ್ಣೀರಿಗೆ ಬೇರೆಯದೇ ಬೇಕೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಈಗ ಕೊಳ್ಳಬೇಡಿ. ಬಿಸಿಡಿ ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕಾದ ಸಾಮಾನು. ಮೈಮೇಲೆ ಯಾವ ಸೂಟ್ ತೊಡುತ್ತೀರಿ ಎಂಬುದು ತೀರ್ಮಾನವಾಗುವವರೆಗೆ ಅದರ ಅಳತೆಯನ್ನಾಗಲಿ ಬಲವನ್ನಾಗಲಿ ಲೆಕ್ಕ ಹಾಕಲು ಬರುವುದಿಲ್ಲ.

ಸ್ಕೂಬಾ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಸಿಲಿಂಡರನ್ನು ಬೆನ್ನಿಗೆ ಬಿಗಿಯುವ, ಗಾಳಿಚೀಲವಿರುವ ಅಂಗಿಯೇ ಬಿಸಿಡಿ. ಇನ್‌ಫ್ಲೇಟರ್ ಎಂಬ ಭಾಗದ ಗುಂಡಿ ಒತ್ತಿ ಗಾಳಿ ತುಂಬಿದರೆ ಮೇಲಕ್ಕೆತ್ತುತ್ತದೆ, ಗಾಳಿ ಬಿಟ್ಟರೆ ಇಳಿಯಲು ಬಿಡುತ್ತದೆ. ಎಷ್ಟು ಕಿಲೋ ಎತ್ತಬಲ್ಲದು ಎಂಬುದೇ ಅದರ ಮುಖ್ಯ ಗುಣ. ಯುರೋಪಿನಲ್ಲಿ ಅದನ್ನು ನ್ಯೂಟನ್ನಿನಲ್ಲಿ ಬರೆದಿರುತ್ತಾರೆ. 100 ನ್ಯೂಟನ್ ಅಂದರೆ ಹೆಚ್ಚುಕಡಿಮೆ 10 ಕಿಲೋ.

ನೇತ್ರಾಣಿಯ ಲೆಕ್ಕ ಮೊದಲು ನೋಡೋಣ. ನೀವು ಹೊತ್ತದ್ದು ಬಹುಶಃ 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್. 200 ಬಾರ್ ಒತ್ತಡದಲ್ಲಿ ಅದರೊಳಗಿನ ಗಾಳಿಯೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಉಸಿರಾಡುತ್ತಾ ಹೋದಂತೆ ಆ ಭಾರ ಕರಗುತ್ತದೆ, ಕೊನೆಗೆ ಖಾಲಿ ಸಿಲಿಂಡರೇ ತೇಲಲು ನೋಡುತ್ತದೆ. ಹಾಗಾಗಿ ಡೈವ್ ಮುಗಿಯುವ ಹೊತ್ತಿಗೆ ಸರಿಹೊಂದುವಷ್ಟು ಸೀಸ ಕಟ್ಟಿಕೊಂಡಿರಬೇಕು. ಅಂದರೆ ಶುರುವಿನಲ್ಲಿ ನೀವು ಎರಡು ಕಿಲೋದಷ್ಟು ಹೆಚ್ಚು ಭಾರ. ಮೂರು ಮಿಲಿಮೀಟರಿನ ವೆಟ್‌ಸೂಟ್ 15 ಮೀಟರ್ ಆಳದಲ್ಲಿ ಕಳೆದುಕೊಳ್ಳುವ ತೇಲುಬಲ ಒಂದೂವರೆ ಕಿಲೋ ಇರಬಹುದು. ಇವೆರಡನ್ನೂ ತಾಳಿಕೊಂಡು, ಮೇಲೆ ಬಂದಾಗ ನಿಮ್ಮ ತಲೆಯನ್ನು ನೀರಿನಿಂದ ಹೊರಗೆ ಹಿಡಿದಿಡಲು 10ರಿಂದ 13 ಕಿಲೋ ಎತ್ತುವ ಹಗುರ ಬಿಸಿಡಿ ಧಾರಾಳ ಸಾಕು.

ಈಗ ಸ್ಕಾಟ್ಲೆಂಡ್. ಎಡಿನ್‌ಬರೋದಿಂದ ಪೂರ್ವ ಕರಾವಳಿ ಹಿಡಿದು ಹೋದರೆ ಸೇಂಟ್ ಆ್ಯಬ್ಸ್ ಇದೆ. 1984ರಿಂದಲೂ ಜನರೇ ಒಪ್ಪಿ ಕಾಪಾಡಿಕೊಂಡು ಬಂದಿರುವ ಕಡಲ ತುಣುಕು ಅದು, ನೀವು ಖಂಡಿತ ನೋಡಲೇಬೇಕು. ನೀವು ಹೋಗುವ ಸೆಪ್ಟೆಂಬರಿನಲ್ಲಿ ಅಲ್ಲಿನ ನೀರು ವರ್ಷದಲ್ಲೇ ಬೆಚ್ಚಗಿರುತ್ತದೆ, ಆ ಬೆಚ್ಚಗೆ ಎಂದರೂ 13–14 ಡಿಗ್ರಿ. ಮಾರ್ಚಿಗೆ ಆರರ ಆಸುಪಾಸಿಗೆ ಇಳಿಯುತ್ತದೆ. ಮೂರು ಮಿಲಿಮೀಟರಿನ ಸೂಟು ಅಲ್ಲಿ ನಡೆಯದು.

ಏಳು ಮಿಲಿಮೀಟರಿನ ವೆಟ್‌ಸೂಟ್ ತೊಟ್ಟಿರಿ ಎನ್ನಿ. ನಿಯೊಪ್ರೀನ್ ಬೆಚ್ಚಗಿಡುವುದೂ ತೇಲಿಸುವುದೂ ಅದರೊಳಗಿನ ಸಣ್ಣ ಸಣ್ಣ ಅನಿಲಗುಳ್ಳೆಗಳಿಂದ. 30 ಮೀಟರಿನಲ್ಲಿ ಒತ್ತಡ ದಡದ ನಾಲ್ಕು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಸೂಟಿನ ತೇಲುಬಲ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಐದಾರು ಕಿಲೋ ಭಾರ ದಿಢೀರನೆ ಮೈಮೇಲೆ ಬಿದ್ದಂತೆ. ಆ ಕೊರತೆ ತುಂಬಬೇಕಾದ್ದು ಬಿಸಿಡಿ. ಮೈಗೆ ನೀರು ತಾಗಗೊಡದ ಡ್ರೈಸೂಟ್ ತೊಟ್ಟರೆ ಒಳಗೆ ಗಾಳಿ ಸೇರಿಸುತ್ತಾ ಹೋಗುವುದರಿಂದ ಈ ತೊಂದರೆ ಇಲ್ಲ. ಆದರೆ ಅದರೊಳಗಿನ ದಪ್ಪ ಬಟ್ಟೆ ಹಿಡಿದಿಟ್ಟ ಗಾಳಿಯನ್ನು ಮುಳುಗಿಸಲು 10–14 ಕಿಲೋ ಸೀಸ ಬೇಕಾಗಬಹುದು. ಸೂಟ್ ಹರಿದು ನೀರು ತುಂಬಿದ ದಿನ ನಿಮ್ಮನ್ನು ಎತ್ತುವುದೂ ಬಿಸಿಡಿಯೇ. ಇನ್ನು, ಚಿಕ್ಕ ದೋಣಿಗೆ ಹತ್ತುವ ಮುಂಚೆ ಬಿಸಿಡಿಯನ್ನು ನೀರಿನಲ್ಲೇ ಕಳಚಿ ಕೊಡುವುದುಂಟು. ಸೀಸವೆಲ್ಲ ಅದರ ಜೇಬಿನಲ್ಲೇ ಇದ್ದರೆ ಅದು ತಾನಾಗಿ ತೇಲಬೇಕಲ್ಲ! ಇಷ್ಟಕ್ಕೆಲ್ಲ 16ರಿಂದ 20 ಕಿಲೋ ಬಲ ಬೇಕು. ಸೀಸದ ಒಂದು ಪಾಲನ್ನು ಸೊಂಟದ ಬೆಲ್ಟಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಹಾಗಿದ್ದರೆ ದೊಡ್ಡದನ್ನೇ ಕೊಂಡು ಎರಡೂ ಕಡೆ ಬಳಸಬಾರದೇಕೆ? ಜಾಕೆಟ್ ಮಾದರಿಯದಾದರೆ ಬೇಡ. ಡ್ರೈಸೂಟಿನ ಮೇಲೆ ಸರಿಹೊಂದುವ ಜಾಕೆಟ್ ತೆಳು ಸೂಟಿನ ಮೇಲೆ ಸಡಿಲವಾಗಿ ಆಚೀಚೆ ಜಾರುತ್ತದೆ, ಅರೆತುಂಬಿದ ದೊಡ್ಡ ಚೀಲದಲ್ಲಿ ಗಾಳಿ ಅತ್ತಿಂದಿತ್ತ ಓಡಾಡಿ ಮೈಯನ್ನು ವಾಲಿಸುತ್ತದೆ. ಎರಡೂ ನೀರಿಗೆ ಒಂದೇ ಸಾಕೆಂದರೆ ನನ್ನ ಆಯ್ಕೆ ಬ್ಯಾಕ್‌ಪ್ಲೇಟ್ ಮತ್ತು ವಿಂಗ್. ಬೆನ್ನಿಗೆ ಲೋಹದ ಪ್ಲೇಟ್, ಅದಕ್ಕೆ ಸಿಗಿಸಿದ ಗಾಳಿಚೀಲವೇ ವಿಂಗ್. ಪ್ಲೇಟಿನ ಪಟ್ಟಿಗಳನ್ನು ಸೂಟಿಗೆ ತಕ್ಕಂತೆ ಹೊಂದಿಸಬಹುದು. ಸ್ಕಾಟ್ಲೆಂಡಿನಲ್ಲಿ ಉಕ್ಕಿನ ಪ್ಲೇಟ್ ಹಾಕಿದರೆ ಎರಡೂವರೆ-ಮೂರು ಕಿಲೋ ಸೀಸ ಉಳಿಯುತ್ತದೆ, ಊರಿಗೆ ಬಂದಾಗ ಅಲ್ಯುಮಿನಿಯಂ ಪ್ಲೇಟ್ ಹಾಕಿ. ಇದನ್ನು ಮರೆಯಬೇಡಿ: ತೆಳು ಸೂಟ್, ಉಕ್ಕಿನ ಸಿಲಿಂಡರ್, ಉಕ್ಕಿನ ಪ್ಲೇಟ್ ಮೂರೂ ಸೇರಿದರೆ ಅಪಾಯ. ಗಾಳಿಚೀಲ ಕೈಕೊಟ್ಟರೆ ಕಳಚಿ ಬಿಸಾಡಲು ಸೀಸವಿರುವುದಿಲ್ಲ, ಈಜಿ ಮೇಲೆ ಬರುವುದೂ ಕಷ್ಟ.

ಅಂಗಡಿಯಲ್ಲಿ ನೋಡುವಾಗ ಡ್ರೈಸೂಟ್ ತೊಟ್ಟು, ದಪ್ಪ ಕೈಗವಸು ಹಾಕಿಯೇ ನೋಡಿ. ಇನ್‌ಫ್ಲೇಟರಿನ ಗುಂಡಿ ಬೆರಳಿಗೆ ತಿಳಿಯುತ್ತದೆಯೇ, ಸೀಸದ ಜೇಬಿನ ಹಿಡಿಕೆ ಕೈಗೆ ಸಿಗುತ್ತದೆಯೇ, ಎದೆಯ ಪಟ್ಟಿ ಸೂಟಿನ ವಾಲ್ವನ್ನು ಮುಚ್ಚುತ್ತದೆಯೇ? ಗವಸಿನಲ್ಲೇ ಇನ್‌ಫ್ಲೇಟರಿನ ಕೊಳವೆ ಬಿಡಿಸುವುದನ್ನೂ ಅಭ್ಯಾಸ ಮಾಡಿ. ಒತ್ತಡ ಕಳಚಿ ಹಿಗ್ಗುವ ಗಾಳಿ ತಣ್ಣಗಾಗುತ್ತದೆ; 10 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಇದರಿಂದ ಉಸಿರಾಟದ ರೆಗ್ಯುಲೇಟರಾಗಲಿ ಇನ್‌ಫ್ಲೇಟರಾಗಲಿ ಹಿಮಗಟ್ಟಿ ತೆರೆದೇ ಉಳಿಯಬಹುದು. ಇನ್‌ಫ್ಲೇಟರ್ ಹಾಗೆ ತೆರೆದುಕೊಂಡರೆ ನೀವು ಬೇಡವೆಂದರೂ ಮೇಲಕ್ಕೇರುತ್ತೀರಿ. ಗುಂಡಿಯನ್ನು ಚುಟುಕಾಗಿ ಒತ್ತಿ, ಉಸಿರೆಳೆಯುವಾಗಲೇ ಒತ್ತಬೇಡಿ.

ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿನ ಶಾಖೆಗಳು ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿವೆ. ಹೋದೊಡನೆ ವಿಚಾರಿಸಿ, ಡ್ರೈಸೂಟ್ ತರಬೇತಿ ಪಡೆಯಿರಿ, ಮೊದಲ ಚಳಿಗಾಲವನ್ನು ಎರವಲು ಅಥವಾ ಬಾಡಿಗೆ ಸಾಮಾನಿನಲ್ಲೇ ಕಳೆಯಿರಿ. ಕೈಯಲ್ಲಿರುವ ಹಣವನ್ನು ಮೊದಲು ಸೂಟಿಗೆ ಹಾಕಿ. ನಂತರ ಸಿಲಿಂಡರಿನಲ್ಲಿ 50 ಬಾರ್ ಉಳಿದಾಗ, ಬಿಸಿಡಿ ಖಾಲಿ ಮಾಡಿ, ಐದು ಮೀಟರಿನಲ್ಲಿ ಅಲುಗದೆ ನಿಲ್ಲಲು ಎಷ್ಟು ಸೀಸ ಬೇಕೆಂದು ನೋಡಿ ಬರೆದಿಟ್ಟುಕೊಳ್ಳಿ. ಆ ಚೀಟಿ ಹಿಡಿದು ಅಂಗಡಿಗೆ ಹೋದರೆ ಯಾವ ಬಿಸಿಡಿ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.